ನೂರೈವತ್ತನೆಯ ಸರದಿಯಲ್ಲಿ ಕುಸಿಯುವ ಆಟಗಳು: ಸ್ಟ್ರಾಟಜಿ ಗೇಮ್‌ಗಳನ್ನು ಮುಗಿಸದೆಯೇ ಮಾರುತ್ತಿದ್ದಾರೆಯೇ?

ಮೂಲೆಕಾಲಾಳು

ಇತ್ತೀಚೆಗೆ ಬಿಡುಗಡೆಯಾದ ಒಂದು ಸ್ಟ್ರಾಟಜಿ ಆಟವನ್ನು ಕೊಂಡು ಆಡುತ್ತಿದ್ದೇನೆ. ಹೆಸರು ಬೇಡ, ಹೇಳಿದರೆ ಚರ್ಚೆಯೆಲ್ಲ ಆ ಒಂದು ಆಟದ ಸುತ್ತಲೇ ಗಿರಕಿ ಹೊಡೆಯುತ್ತದೆ. ಮೊದಲ ಐದಾರು ಗಂಟೆ ಬಹಳ ಸೊಗಸಾಗಿತ್ತು. ಮಂಜು ಸರಿದು ನಕ್ಷೆ ತೆರೆದುಕೊಳ್ಳುವುದು, ಹಳ್ಳಿ ಪಟ್ಟಣವಾಗುವುದು, ನೆರೆಯ ದೊರೆ ಗುರಾಯಿಸುವುದು, ಎಲ್ಲವೂ ಇತ್ತು. ಮೂವತ್ತನೆಯ ಗಂಟೆಯ ಹೊತ್ತಿಗೆ ಆ ದೊರೆ ನನ್ನ ಮೇಲೆ ಯುದ್ಧ ಸಾರಿದ. ಅವನ ಹನ್ನೆರಡು ತುಕಡಿಗಳು ನದಿಯ ಆಚೆ ದಡಕ್ಕೆ ಬಂದು ನಿಂತವು. ಈಚೆ ನನ್ನ ರಾಜಧಾನಿಯ ಕಾವಲಿಗೆ ಒಬ್ಬನೂ ಇರಲಿಲ್ಲ. ನಡುವೆ ಸೇತುವೆ ಇದೆ. ನಲವತ್ತು ಸರದಿ ಕಳೆದರೂ ಅವರು ಸೇತುವೆಗೆ ಕಾಲಿಡಲಿಲ್ಲ. ನಾನು ಸೋಲಲು ಸಿದ್ಧನಾಗಿ ಕುಳಿತಿದ್ದೆ, ಸೋಲಿಸುವವರೇ ಇಲ್ಲ.

ಹಣ ವಾಪಸು ಕೇಳೋಣವೆಂದರೆ ಆಟಗಳನ್ನು ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನ ನಿಯಮ 2015ರಿಂದ ಹೀಗಿದೆ: ಕೊಂಡು 14 ದಿನದೊಳಗಿರಬೇಕು, ಆಡಿದ್ದು 2 ಗಂಟೆಗಿಂತ ಕಡಿಮೆ ಇರಬೇಕು. ಗುಂಡು ಹಾರಿಸುವ ಆಟವೋ ಕಾರು ಓಡಿಸುವ ಆಟವೋ ಆದರೆ ಎರಡು ಗಂಟೆಯಲ್ಲಿ ಅದರ ಯೋಗ್ಯತೆ ತಿಳಿಯುತ್ತದೆ. ನಮ್ಮ ಪ್ರಕಾರದಲ್ಲಿ ಎರಡು ಗಂಟೆಗೆ ಮೂರನೆಯ ಊರನ್ನೂ ಕಟ್ಟಿರುವುದಿಲ್ಲ. ವಿಮರ್ಶಕರ ಪಾಡೂ ಅಷ್ಟೇ. ಬಿಡುಗಡೆಗೆ ಕೆಲವು ದಿನ ಮೊದಲು ಅವರ ಕೈಗೆ ಆಟ ಬರುತ್ತದೆ, ಬಿಡುಗಡೆಯ ದಿನ ಬರಹ ಸಿದ್ಧವಿರಬೇಕು. ಪೂರ್ತಿ ಎರಡು ಸಾಮ್ರಾಜ್ಯ ಆಡಿ ನೋಡಲು ಅವರಿಗೆ ಪುರುಸೊತ್ತು ಎಲ್ಲಿದೆ?

ಹಾಗಾಗಿ ನನ್ನ ವಾದ ಇಷ್ಟು. ಎಲ್ಲ ಪ್ರಕಾರದ ಆಟಗಳೂ ಅವಸರದಲ್ಲಿ ಹೊರಬರುತ್ತವೆ, ಒಪ್ಪುತ್ತೇನೆ. ಆದರೆ ಸ್ಟ್ರಾಟಜಿ ಆಟದ ಅಪೂರ್ಣತೆಗೆ ಅಡಗಿ ಕೂರಲು ಜಾಗವಿದೆ. ಕೊಂಡವನಿಗೆ ಅದು ಕಾಣಿಸುವ ಹೊತ್ತಿಗೆ ಹಣ ಮರಳುವ ಬಾಗಿಲು ಮುಚ್ಚಿರುತ್ತದೆ, ವಿಮರ್ಶೆಯ ಅಂಕ ಬಿದ್ದಾಗಿರುತ್ತದೆ. ಇಂಥ ಕಡೆ ಮುಗಿಸದೆ ಮಾರುವುದು ಲಾಭದ ದಾರಿಯೇ ಆಗಿಬಿಡುತ್ತದೆ. ನಿಮಗೇನನ್ನಿಸುತ್ತದೆ?

ಹಳೆಯ ನಕ್ಷೆ

ಇದು ಹೊಸ ರೋಗವೆಂಬಂತೆ ಬರೆದಿದ್ದೀರಿ. ಅಲ್ಲ. 1994ರಲ್ಲಿ ಸಿಯೆರಾ ಕಂಪನಿಯ 'ಔಟ್‌ಪೋಸ್ಟ್' ಬಂತು. ಬೇರೆ ಗ್ರಹದಲ್ಲಿ ವಸಾಹತು ಕಟ್ಟುವ ಆಟ. ಪತ್ರಿಕೆಗಳು ಬೀಟಾ, ಅಂದರೆ ಪರೀಕ್ಷೆಯ ಹಂತದ ಪ್ರತಿ ನೋಡಿ ಹೊಗಳಿ ಬರೆದವು. ಬಿಡುಗಡೆಯಾದ ಆಟದಲ್ಲಿ ಹೇಳಿದ್ದ ಎಷ್ಟೋ ಸಂಗತಿಗಳೇ ಇರಲಿಲ್ಲ. ಆಗ ಮನೆಮನೆಗೆ ಇಂಟರ್ನೆಟ್ ಇಲ್ಲ, ಸ್ಟೀಮ್ ಇಲ್ಲ, ಮೊದಲ ದಿನದ ಪ್ಯಾಚ್ (ದೋಷ ತಿದ್ದುವ ತೇಪೆ) ಎಂಬ ಮಾತೇ ಇಲ್ಲ. ಡಬ್ಬದಲ್ಲಿ ಏನಿತ್ತೋ ಅದೇ ಗತಿ.

2002ರ 'ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್ 4' ಮಲ್ಟಿಪ್ಲೇಯರ್ ಇಲ್ಲದೆಯೇ ಅಂಗಡಿಗೆ ಬಂತು. ಸ್ನೇಹಿತರು ಒಂದೇ ಕಂಪ್ಯೂಟರಿನ ಮುಂದೆ ಸರದಿಯ ಮೇಲೆ ಕುಳಿತು ಆಡಿ ಬೆಳೆದ ಸರಣಿಗೆ ಹೀಗಾಯಿತು! ಪ್ರಕಾಶಕ ಸಂಸ್ಥೆ 3ಡಿಒ ಆಗಲೇ ಮುಳುಗುತ್ತಿತ್ತು, ಮರುವರ್ಷ ದಿವಾಳಿಯಾಯಿತು. ಮಲ್ಟಿಪ್ಲೇಯರ್ ಆಮೇಲೆ ಪ್ಯಾಚಿನಲ್ಲಿ ಬಂತು. 2003ರ 'ಮಾಸ್ಟರ್ ಆಫ್ ಓರಿಯನ್ 3' ವಿಷಯವನ್ನು ಎತ್ತುವುದೇ ಬೇಡ, ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಎರಡನೆಯ ಭಾಗವನ್ನು ಪ್ರೀತಿಸಿದವರಿಗೆ ಅದೊಂದು ಲೆಕ್ಕಪತ್ರ ನೋಡಿಕೊಳ್ಳುವ ಕೆಲಸದಂತೆ ಕಂಡಿತು.

ಆಗಿನವರು ಪ್ರಾಮಾಣಿಕರು, ಈಗಿನವರು ಕಳ್ಳರು ಎಂಬ ಕತೆಯನ್ನು ದಯವಿಟ್ಟು ಇಲ್ಲಿ ಬೆಳೆಸಬೇಡಿ.

ಗಡಿಕಾವಲು

ಹಿಂದೆಯೂ ಮೋಸವಿತ್ತು ಎಂದ ಮಾತ್ರಕ್ಕೆ ಇಂದಿನ ಮೋಸ ಹಗುರವಾಗುತ್ತದೆಯೇ ಸ್ವಾಮಿ? ಅಂದು ಅಪರೂಪಕ್ಕೆ ಆಗುತ್ತಿದ್ದದ್ದು ಇಂದು ಪದ್ಧತಿಯಾಗಿದೆ.

2013ರ ಸೆಪ್ಟೆಂಬರಿನ 'ಟೋಟಲ್ ವಾರ್: ರೋಮ್ 2' ನೆನಪಿಸಿಕೊಳ್ಳಿ. ಬಯಲಿನ ಕಾಳಗದಲ್ಲೂ ಧ್ವಜದ ಜಾಗ ಹಿಡಿದರೆ ಗೆಲುವು ಎಂಬ ವಿಚಿತ್ರ ನಿಯಮ, ಕಂಪ್ಯೂಟರಿನ ಸರದಿ ಮುಗಿಯುವವರೆಗೆ ನಿದ್ದೆ ಬರುವಷ್ಟು ಕಾಯುವಿಕೆ, ಕೋಟೆಯ ಮುಂದೆ ದಾರಿ ತಪ್ಪಿದ ಸೈನಿಕರು. ತಯಾರಕ ಸಂಸ್ಥೆ ಕ್ರಿಯೇಟಿವ್ ಅಸೆಂಬ್ಲಿಯ ಮೈಕ್ ಸಿಂಪ್ಸನ್ ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. ಒಂದು ವರ್ಷ ಪ್ಯಾಚ್ ಮೇಲೆ ಪ್ಯಾಚ್ ಹಚ್ಚಿ, 2014ರ ಸೆಪ್ಟೆಂಬರಿನಲ್ಲಿ 'ಎಂಪರರ್ ಎಡಿಷನ್' ಎಂದು ಹೆಸರಿಟ್ಟರು. ಮೊದಲ ದಿನವೇ ಕೊಡಬೇಕಾಗಿದ್ದ ಆಟಕ್ಕೆ ಚಕ್ರವರ್ತಿಯ ಪಟ್ಟ!

ಇನ್ನು 2020ರ 'ವಾರ್‌ಕ್ರಾಫ್ಟ್ 3: ರಿಫೋರ್ಜ್ಡ್'. ಅಲ್ಲಿ ಇನ್ನೂ ಕೆಟ್ಟದ್ದು ನಡೆಯಿತು. ಹೊಸದನ್ನು ಕೊಳ್ಳದೆ ಹಳೆಯ ಆಟವನ್ನೇ ಇಟ್ಟುಕೊಂಡಿದ್ದವರಿಗೂ ಹೊಸ ಆವೃತ್ತಿಯ ತಳಪಾಯವನ್ನೇ ಹಾಕಿದರು. ರ‍್ಯಾಂಕ್ ಪಟ್ಟಿಯ ಪಂದ್ಯಗಳು, ಕ್ಲಾನ್ ಎಂಬ ಆಟಗಾರರ ಗುಂಪುಗಳು ಮಾಯವಾದವು. ರ‍್ಯಾಂಕ್ ಪಂದ್ಯಗಳು ಮರಳಿದ್ದು 2022ರಲ್ಲಿ. ಹದಿನೆಂಟು ವರ್ಷ ಹಳೆಯ, ಚೆನ್ನಾಗಿದ್ದ ಆಟ ರಾತ್ರೋರಾತ್ರಿ ಅಪೂರ್ಣವಾದ ಉದಾಹರಣೆ ನನಗೆ ಬೇರೆ ಗೊತ್ತಿಲ್ಲ.

ಇದಕ್ಕೆಲ್ಲ ನೀರೆರೆಯುವವರು ಪ್ರಿ-ಆರ್ಡರ್ ಮಾಡುವ ನಮ್ಮವರೇ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿಕೊಂಡು ಕೂರುತ್ತಾರೆ. ಮೂರು ದಿನ ಮುಂಚೆ ಆಡಲು ಸಿಗುತ್ತದೆಂದು ಹೆಚ್ಚು ಹಣ ಬೇರೆ ಕೊಡುತ್ತಾರೆ.

ದೋಷಪಟ್ಟಿ

ನಾನು ಎರಡೂವರೆ ವರ್ಷ ಇಂಥದ್ದೇ ಒಂದು ಆಟದ ಪರೀಕ್ಷಕನಾಗಿದ್ದೆ. ಸಂಸ್ಥೆಯನ್ನಾಗಲಿ ಆಟವನ್ನಾಗಲಿ ಹೇಳಲಾರೆ. ಒಳಗಿನಿಂದ ಹೇಗೆ ಕಾಣುತ್ತದೆ ಎಂಬುದನ್ನಷ್ಟೇ ಹೇಳುತ್ತೇನೆ.

ಕಂಪ್ಯೂಟರ್ ಎದುರಾಳಿಯ ಬುದ್ಧಿ ಏಕೆ ಯಾವಾಗಲೂ ಕೊನೆಗೆ ಬರುತ್ತದೆ? ಏಕೆಂದರೆ ಅದು ನಿಯಮಗಳನ್ನು ಆಡಬೇಕು, ನಿಯಮಗಳೋ ಕೊನೆಯ ತಿಂಗಳವರೆಗೂ ಬದಲಾಗುತ್ತಿರುತ್ತವೆ. ವಿನ್ಯಾಸಕರು ಒಂದು ಮಂಗಳವಾರ 'ಇನ್ನು ಮೇಲೆ ಕುದುರೆ ಸಾಕಲು ಹುಲ್ಲುಗಾವಲು ಬೇಕು' ಎಂದು ತೀರ್ಮಾನಿಸುತ್ತಾರೆ. ಮನುಷ್ಯ ಆಟಗಾರನಿಗೆ ಇದು ಒಂದು ಸಾಲಿನ ಸೂಚನೆ. ಆ ಕಂಪ್ಯೂಟರ್ ಬುದ್ಧಿಗೆ, ಅಂದರೆ ಎಐಗೆ, ಹಾಗಲ್ಲ. ಊರು ಎಲ್ಲಿ ಕಟ್ಟಬೇಕು, ಯಾರ ಗಡಿಯ ಮೇಲೆ ಕಣ್ಣಿಡಬೇಕು, ಯಾವ ವಿದ್ಯೆ ಮೊದಲು ಕಲಿಯಬೇಕು, ಎಲ್ಲ ಲೆಕ್ಕವೂ ಅಡಿಮೇಲಾಗುತ್ತದೆ. ಅದನ್ನು ಬರೆಯುವವರು ಇಬ್ಬರೋ ಮೂವರೋ ಇರುತ್ತಾರೆ. ಪ್ರತಿ ಸಲವೂ ಅವರು ಹಿಂದಿನ ವಾರದ ಆಟಕ್ಕೆ ಬುದ್ಧಿ ಕಲಿಸುತ್ತಿರುತ್ತಾರೆ.

ಬಿಡುಗಡೆಯಾದ ಮೇಲೂ ಇದು ತಪ್ಪುವುದಿಲ್ಲ. 'ಸ್ಟೆಲ್ಲಾರಿಸ್' ಎಂಬ ಬಾಹ್ಯಾಕಾಶ ಸಾಮ್ರಾಜ್ಯದ ಆಟ 2018ರ ಡಿಸೆಂಬರಿನ 2.2 ಆವೃತ್ತಿಯಲ್ಲಿ ಗ್ರಹಗಳ ಚೌಕಗಳನ್ನು ತೆಗೆದು, ಜನಸಂಖ್ಯೆ ಮತ್ತು ಉದ್ಯೋಗಗಳ ಮೇಲೆ ಆರ್ಥಿಕತೆಯನ್ನು ಮತ್ತೆ ಕಟ್ಟಿತು. ವಿನ್ಯಾಸವಾಗಿ ಒಳ್ಳೆಯ ಹೆಜ್ಜೆ. ಆದರೆ ಎಐ ಸಾಮ್ರಾಜ್ಯಗಳಿಗೆ ಹೊಸ ಮನೆಯಲ್ಲಿ ದೀಪದ ಸ್ವಿಚ್ ಎಲ್ಲಿದೆ ಎಂಬುದೇ ತಿಳಿಯದೆ ಬಹಳ ಕಾಲ ತಡಕಾಡಿದವು.

ಇನ್ನೊಂದು ಲೆಕ್ಕ ನೋಡಿ. ಇಪ್ಪತ್ತು ಪರೀಕ್ಷಕರು, ಒಬ್ಬೊಬ್ಬರಿಗೆ ವರ್ಷಕ್ಕೆ ಸುಮಾರು 2,000 ಗಂಟೆ ಕೆಲಸ ಎಂದಿಟ್ಟುಕೊಳ್ಳಿ. ವರ್ಷಕ್ಕೆ 40,000 ಗಂಟೆ. ಬಿಡುಗಡೆಯ ಸಂಜೆ ಒಂದು ಲಕ್ಷ ಜನ ಒಟ್ಟಿಗೆ ಆಡಿದರೆ ನಮ್ಮ ಇಡೀ ವರ್ಷವನ್ನು ಅರ್ಧ ಗಂಟೆಯೊಳಗೆ ದಾಟಿಬಿಡುತ್ತಾರೆ. ಅದರಲ್ಲೂ ನಮ್ಮ ಗಂಟೆಗಳು ಹೆಚ್ಚಾಗಿ ಮೊದಲ ಐವತ್ತು ಸರದಿಗೇ ಖರ್ಚಾಗುತ್ತವೆ, ಏಕೆಂದರೆ ವಾರಕ್ಕೊಂದು ಹೊಸ ಬಿಲ್ಡ್, ಅಂದರೆ ಆಟದ ಹೊಸ ಪ್ರತಿ ಬರುತ್ತದೆ, ಹಳೆಯ ಸೇವ್ ಫೈಲ್ ಅದರಲ್ಲಿ ತೆರೆಯುವುದಿಲ್ಲ. ಮತ್ತೆ ಒಂದನೆಯ ಸರದಿಯಿಂದ ಶುರು. ಇನ್ನೂರನೆಯ ಸರದಿಯನ್ನು ನಾನು ಸಹಜವಾಗಿ ಆಡುತ್ತಾ ಮುಟ್ಟಿದ್ದು ನೆನಪಿನಲ್ಲಿರುವಂತೆ ಆರು ಬಾರಿ.

ನನ್ನ ಪಟ್ಟಿಯಲ್ಲಿ ಒಂದು ದೋಷವಿತ್ತು. ಎಐ ದೇಶದ ದಂಡು ಹಡಗು ಹತ್ತಿ ಬಂದರಿನಲ್ಲಿ ಬೆಂಗಾವಲಿಗಾಗಿ ಕಾಯುತ್ತಿತ್ತು. ಬೆಂಗಾವಲಿನ ಹಡಗುಗಳು ದಂಡು ಹೊರಡಲಿ ಎಂದು ಪಕ್ಕದಲ್ಲೇ ಕಾಯುತ್ತಿದ್ದವು. ಹಾಗೇ ಆಟ ಮುಗಿಯುತ್ತಿತ್ತು. ಬಿಡುಗಡೆಗೆ ಮೂರು ತಿಂಗಳು ಮೊದಲೇ ವರದಿ ಮಾಡಿದ್ದೆ. ಅದಕ್ಕೆ 'ಗೊತ್ತಿರುವ ದೋಷ, ಬಿಡುಗಡೆಗೆ ಅಡ್ಡಿಯಿಲ್ಲ' ಎಂಬ ಮುದ್ರೆ ಬಿತ್ತು. ಆಟ ಕ್ರ್ಯಾಶ್ ಆಗುವುದಿಲ್ಲ, ಸೇವ್ ಕೆಡುವುದಿಲ್ಲ, ಮತ್ತೇನು ತೊಂದರೆ ಎಂದರು. ಆ ಮುದ್ರೆ ಒತ್ತಿದವರ ಮೇಲೆ ನನಗೆ ಕೋಪವಿಲ್ಲ. ಅವರ ಮೇಜಿನ ಮೇಲೆ ಸೇವ್ ಕೆಡಿಸುವ ಇಪ್ಪತ್ತು ದೋಷಗಳಿದ್ದವು.

ಸಾವಧಾನಿ

ದೋಷಪಟ್ಟಿಯವರ ಮಾತಿನಿಂದ ಒಂದು ವಿಷಯ ಬಿಡಿಸಿಕೊಳ್ಳಬೇಕು. ಕೆಟ್ಟಿರುವುದು ಬೇರೆ, ಮಾಗದಿರುವುದು ಬೇರೆ. ನಾವು ಎರಡನ್ನೂ 'ಅಪೂರ್ಣ' ಎಂಬ ಒಂದೇ ಚೀಲಕ್ಕೆ ತುಂಬುತ್ತಿದ್ದೇವೆ.

'ಸ್ಟಾರ್‌ಕ್ರಾಫ್ಟ್' 1998ರ ಮಾರ್ಚ್ ಕೊನೆಯಲ್ಲಿ ಬಂತು. ಅದನ್ನು ಅಪೂರ್ಣ ಎನ್ನುವ ಧೈರ್ಯ ಯಾರಿಗಿದೆ? ಆದರೆ ಆಡಿದ ಪಂದ್ಯವನ್ನು ಮತ್ತೆ ನೋಡುವ ರೀಪ್ಲೇ ಸೌಲಭ್ಯ ಬಂದಿದ್ದು 2001ರ 1.08 ಪ್ಯಾಚಿನಲ್ಲಿ. 'ಏಜ್ ಆಫ್ ಎಂಪೈರ್ಸ್ 2' 1999ರಲ್ಲಿ ಬಂದಾಗ ಹೊಲ ಬರಡಾದಾಗಲೆಲ್ಲ ಹುಡುಕಿಕೊಂಡು ಹೋಗಿ ಕೈಯಾರೆ ಮತ್ತೆ ಬಿತ್ತಬೇಕಿತ್ತು. ಮುಂಚಿತವಾಗಿ ಬಿತ್ತನೆ ಸಾಲುಗಟ್ಟಿಸುವ ಸೌಕರ್ಯ ಮರುವರ್ಷದ 'ದ ಕಾಂಕರರ್ಸ್' ಜೊತೆ ಬಂತು, ಅದಕ್ಕೆ ಹಣವನ್ನೂ ಕೊಟ್ಟೆವು. ಆಗ ಯಾರೂ 'ನನ್ನ ಹೊಲದ ಬಿತ್ತನೆಯನ್ನು ಕತ್ತರಿಸಿ ಮಾರಿದರು' ಎಂದು ಕೂಗಲಿಲ್ಲ.

ಸ್ಟ್ರಾಟಜಿ ಆಟದ ಸಮತೋಲನ ಕಚೇರಿಯಲ್ಲಿ ಕುಳಿತು ಸಿದ್ಧಿಸುವಂಥದ್ದಲ್ಲ. ಸಾವಿರಾರು ಜನ ಆಡಿ, ಒಬ್ಬ ಮಹಾನುಭಾವ ಏಳನೆಯ ನಿಮಿಷಕ್ಕೆ ಹದಿನೆಂಟು ಬಿಲ್ಲುಗಾರರನ್ನು ತಂದು ನಿಲ್ಲಿಸುವ ದಾರಿ ಕಂಡುಹಿಡಿದು, ಉಳಿದವರು ಅವನನ್ನು ಬೈದು, ಅನುಕರಿಸಿ, ಕೊನೆಗೆ ಮದ್ದು ಕಂಡುಕೊಂಡು, ಹೀಗೆ ಆಗುವ ಕೆಲಸ ಅದು. ಅದನ್ನು ಮೊದಲ ದಿನವೇ ಕೊಡು ಎಂದು ಕೇಳಿದರೆ ಆಟವೇ ಬರುವುದಿಲ್ಲ.

ಸರಿಯಾಗಿ ಬಂದವೂ ಇವೆ, ಮರೆಯಬೇಡಿ. 2020ರ ಸೆಪ್ಟೆಂಬರಿನ 'ಕ್ರುಸೇಡರ್ ಕಿಂಗ್ಸ್ 3' ಮೊದಲ ದಿನದಿಂದಲೇ ಗಟ್ಟಿಯಾಗಿತ್ತು. ಹಳೆಯ ಭಾಗದಲ್ಲಿ ಎಂಟು ವರ್ಷ ಸೇರಿಸುತ್ತಾ ಬಂದದ್ದೆಲ್ಲ ಇರಲಿಲ್ಲ ನಿಜ. ಆದರೆ ಇದ್ದದ್ದು ನೆಟ್ಟಗೆ ನಿಂತಿತ್ತು.

ಗಡಿಕಾವಲು

ಮಾಗುವುದು ಎಂಬ ಚಂದದ ಪದದ ಹಿಂದೆ ಏನೆಲ್ಲ ಬಚ್ಚಿಡಬಹುದು ನೋಡಿ. ನಾಗರಿಕತೆ ಕಟ್ಟಿ ಬೆಳೆಸುವ ಸರಣಿಯ 'ಸಿವಿಲೈಸೇಷನ್ 4'ರಲ್ಲಿ 2005ರಲ್ಲೇ ಧರ್ಮಗಳಿದ್ದವು. 2010ರ 'ಸಿವಿಲೈಸೇಷನ್ 5'ರಲ್ಲಿ ಇಲ್ಲ. 2012ರಲ್ಲಿ 'ಗಾಡ್ಸ್ ಅಂಡ್ ಕಿಂಗ್ಸ್' ಎಂದು ಬೇರೆ ಹಣಕ್ಕೆ ಧರ್ಮವನ್ನೂ ಬೇಹುಗಾರಿಕೆಯನ್ನೂ ತಂದರು. ಇದು ಮಾಗಿದ್ದಲ್ಲ, ಮನೆಯ ಬಾಗಿಲು ಕಿತ್ತು ಮನೆಯವರಿಗೇ ಮಾರಿದ್ದು.

ಏಳನೆಯ ಭಾಗ 2025ರ ಫೆಬ್ರವರಿಯಲ್ಲಿ ಬಂತು. ಅನ್ವೇಷಕನನ್ನು ತಾನಾಗಿಯೇ ಸುತ್ತಾಡಲು ಬಿಡುವ ಗುಂಡಿ ಇಲ್ಲ. ದೊಡ್ಡ ನಕ್ಷೆಗಳಿಲ್ಲ. ಆಧುನಿಕ ಯುಗ ಮುಗಿದ ಮೇಲೆ 'ಇನ್ನೊಂದೇ ಒಂದು ಸರದಿ' ಎಂದು ಮುಂದುವರಿಯುವ ಅವಕಾಶವಿಲ್ಲ. ಇಡೀ ಸರಣಿಯ ಹೆಸರೇ ಆ ಮಾತಿನ ಮೇಲೆ ನಿಂತಿದೆ! ಪರದೆಯ ವಿನ್ಯಾಸದ ಬಗ್ಗೆ ಬಂದ ದೂರುಗಳನ್ನು ತಯಾರಕರೇ ಒಪ್ಪಿಕೊಂಡರು. ಇವೆಲ್ಲ ಆಮೇಲೆ ಒಂದೊಂದಾಗಿ ಅಪ್‌ಡೇಟ್‌ಗಳಲ್ಲಿ ಬಂದವು. ಹಾಗಾದರೆ ಮಾಡಲು ಬರುತ್ತಿತ್ತು, ಮಾಡಿರಲಿಲ್ಲ ಅಷ್ಟೇ.

ಹಳೆಯ ನಕ್ಷೆ

ಏಳನೆಯ ಭಾಗದ ವಿಷಯದಲ್ಲಿ ನಿಮ್ಮ ಜೊತೆಗಿದ್ದೇನೆ. ಐದನೆಯ ಭಾಗದಲ್ಲಿ ಪೂರ್ತಿ ಇಲ್ಲ. ನಾಲ್ಕರ ಧರ್ಮ ಮತ್ತು ಐದರ ಧರ್ಮ ಹೆಸರಿನಲ್ಲಿ ಮಾತ್ರ ಒಂದೇ. ನಾಲ್ಕರಲ್ಲಿ ಸಿದ್ಧ ಧರ್ಮ ಸಿಗುತ್ತಿತ್ತು, ಐದರಲ್ಲಿ ನಂಬಿಕೆಗಳನ್ನು ಆಯ್ದು ನಾವೇ ಕಟ್ಟಬೇಕು. ಅದು ಮರುಮಾರಾಟವಲ್ಲ, ಹೊಸ ಕೆಲಸ. ಬೇಹುಗಾರಿಕೆಯೂ ನಾಲ್ಕರಲ್ಲಿ ದೊಡ್ಡದಾಗಿದ್ದು 2007ರ ವಿಸ್ತರಣೆ 'ಬಿಯಾಂಡ್ ದ ಸ್ವೋರ್ಡ್'ನಲ್ಲಿ, ಮೂಲ ಆಟದಲ್ಲಲ್ಲ. ಮೂಲವನ್ನು ಮೂಲದ ಜೊತೆ ಹೋಲಿಸಿ.

ಐದರ ನಿಜವಾದ ಸಮಸ್ಯೆ ಬೇರೆ. ಒಂದು ಷಟ್ಕೋನಕ್ಕೆ ಒಂದೇ ಸೇನಾ ತುಕಡಿ ಎಂಬ ನಿಯಮ ತಂದರು. ಅಂಥ ಇಕ್ಕಟ್ಟಿನಲ್ಲಿ ದಂಡು ನಡೆಸುವುದು ಎಐಗೆ ಬರಲಿಲ್ಲ. ಬಿಲ್ಲುಗಾರ ಮುಂದೆ, ಕತ್ತಿಯವನು ಹಿಂದೆ, ಫಿರಂಗಿ ಸರೋವರದಲ್ಲಿ. ಮೊದಲ ಸಂದೇಶದ ಸೇತುವೆಯ ದೊರೆಗೂ ಇದಕ್ಕೂ ರಕ್ತಸಂಬಂಧವಿದೆ. 2009ರ 'ಎಂಪೈರ್: ಟೋಟಲ್ ವಾರ್'ನದ್ದೂ ಅದೇ ವಂಶ. ಇಡೀ ಆಟವೇ ಸಾಗರ ಆಳಿದ ಶತಮಾನದ್ದು, ಬಿಡುಗಡೆಯ ದಿನ ಎಐಗೆ ಸಮುದ್ರದ ಮೂಲಕ ದಂಡು ಕಳುಹಿಸಲು ಬರುತ್ತಿರಲಿಲ್ಲ. ಬ್ರಿಟನ್ನಿನ ಪಕ್ಷ ಹಿಡಿದರೆ ಸುಖನಿದ್ರೆ. ಅದನ್ನು ಪ್ಯಾಚಿನಲ್ಲಿ ಕಲಿಸಿದರು.

ಇನ್ನೊಂದುಸರದಿ

ನಾನು ಈ ಜಗಳದಿಂದ ಹೊರಗೆ ಕುಳಿತವಳು. ಯಾವ ಸ್ಟ್ರಾಟಜಿ ಆಟವನ್ನೂ ಬಿಡುಗಡೆಯಾಗಿ ಎರಡು ವರ್ಷ ಆಗುವವರೆಗೆ ಮುಟ್ಟುವುದಿಲ್ಲ. ಬೆಲೆ ಇಳಿದಿರುತ್ತದೆ, ದೋಷ ಕಳೆದಿರುತ್ತವೆ, ಅಭಿಮಾನಿಗಳು ಆಟಕ್ಕೆ ಮಾಡುವ ಮಾರ್ಪಾಡುಗಳು, ಅಂದರೆ ಮಾಡ್‌ಗಳು, ಸಿದ್ಧವಿರುತ್ತವೆ. ಬೇರೆಯವರು ನಡೆದು ಸವೆಸಿದ ದಾರಿಯಲ್ಲಿ ಚಪ್ಪಲಿಯಿಲ್ಲದೆ ನಡೆಯಬಹುದು. ಎಲ್ಲರೂ ಹೀಗೆ ಮಾಡಿದರೆ ಅವಸರದ ಬಿಡುಗಡೆ ತಾನಾಗಿಯೇ ನಿಲ್ಲುತ್ತದೆ.

ಸಾವಧಾನಿ

ಎಲ್ಲರೂ ಹಾಗೆ ಮಾಡಿದರೆ ಎರಡು ವರ್ಷದ ನಂತರ ಕೊಳ್ಳಲು ಆಟವೇ ಉಳಿದಿರುವುದಿಲ್ಲ ತಾಯಿ. 'ಇಂಪರೇಟರ್: ರೋಮ್' ನೋಡಿ. 2019ರ ಏಪ್ರಿಲ್‌ನಲ್ಲಿ ಬಂದಾಗ ಟೊಳ್ಳಾಗಿತ್ತು, ಜನ ಬಿಟ್ಟುಹೋದರು. ತಂಡ ಎದೆಗುಂದದೆ ತಿದ್ದುತ್ತಾ ಬಂದು, 2021ರ ಫೆಬ್ರವರಿಯಲ್ಲಿ 2.0 ಆವೃತ್ತಿ ಕೊಟ್ಟಿತು. ಆಟ ಬೇರೆಯೇ ಆಗಿತ್ತು, ನಿಜಕ್ಕೂ ಒಳ್ಳೆಯದಾಗಿತ್ತು. ಏಪ್ರಿಲ್‌ನಲ್ಲಿ ತಯಾರಕ ಸಂಸ್ಥೆ ಪ್ಯಾರಡಾಕ್ಸ್ ಅದರ ಕೆಲಸವನ್ನೇ ನಿಲ್ಲಿಸಿತು. ಅಷ್ಟರಲ್ಲಿ ಯಾರೂ ಮರಳಿರಲಿಲ್ಲ. ನಿಮ್ಮಂತೆ ಕಾದವರಿಗೆ ಅರ್ಧ ದಾರಿಯಲ್ಲಿ ನಿಂತ ಬಂಡಿ ಸಿಕ್ಕಿತು. ಈಗ ಅದನ್ನು ಎಳೆಯುತ್ತಿರುವವರು 'ಇನ್ವಿಕ್ಟಸ್' ಎಂಬ ಮಾಡ್ ಕಟ್ಟಿದ ಅಭಿಮಾನಿಗಳು.

ಇನ್ನೊಂದುಸರದಿ

ಸರಿ, ಆ ಆಟವನ್ನು ನಾನೂ ಮಾಡ್ ಹಾಕಿಯೇ ಆಡುತ್ತೇನೆ. ಬಹಳ ಚೆನ್ನಾಗಿದೆ. ಕಾದದ್ದಕ್ಕೆ ಪಶ್ಚಾತ್ತಾಪವಿಲ್ಲ.

ಲೆಕ್ಕದ ಪುಸ್ತಕ

ಯಾರೂ ಕ್ಯಾಲೆಂಡರ್ ನೋಡುತ್ತಿಲ್ಲವಲ್ಲ. 'ಎಂಪೈರ್' ಮಾರ್ಚ್ 2009. 'ಟೋಟಲ್ ವಾರ್: ವಾರ್‌ಹ್ಯಾಮರ್ 3' ಫೆಬ್ರವರಿ 2022, ಎಲ್ಲರೂ ಕಾಯುತ್ತಿದ್ದ ಮೂರೂ ಭಾಗ ಬೆಸೆದ ದೊಡ್ಡ ನಕ್ಷೆ ಆರು ತಿಂಗಳ ನಂತರ, ಅದೂ ಬೀಟಾ ಎಂಬ ಹಣೆಪಟ್ಟಿಯೊಂದಿಗೆ. 'ಕಂಪನಿ ಆಫ್ ಹೀರೋಸ್ 3' ಫೆಬ್ರವರಿ 2023. 'ಸಿವಿಲೈಸೇಷನ್ 7' ಫೆಬ್ರವರಿ 2025. ಮೊದಲ ಮೂರರ ಹಿಂದೆ ಸೆಗಾ, ಕೊನೆಯದರ ಹಿಂದೆ ಟೇಕ್-ಟು. ಎರಡೂ ಕಂಪನಿಗಳ ಆರ್ಥಿಕ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಏಪ್ರಿಲ್‌ನಲ್ಲಿ ಬರುವ ಒಳ್ಳೆಯ ಆಟಕ್ಕಿಂತ ಮಾರ್ಚ್‌ನೊಳಗೆ ಬರುವ ಸಾಧಾರಣ ಆಟ ಲೆಕ್ಕಪತ್ರದಲ್ಲಿ ಚೆನ್ನಾಗಿ ಕಾಣುತ್ತದೆ.

ಹಳೆಯ ನಕ್ಷೆ

ನಿಮಗೆ ಬೇಕಾದ ನಾಲ್ಕನ್ನು ಆರಿಸಿಕೊಂಡಿದ್ದೀರಿ. 'ರೋಮ್ 2' ಸೆಪ್ಟೆಂಬರ್, 'ಸಿವಿಲೈಸೇಷನ್ 5' ಸೆಪ್ಟೆಂಬರ್, ಆರನೆಯದು ಅಕ್ಟೋಬರ್. ವರ್ಷಾಂತ್ಯದ ದೊಡ್ಡ ಆಟಗಳ ನೂಕುನುಗ್ಗಲಿನಿಂದ ತಪ್ಪಿಸಿಕೊಳ್ಳಲು ಫೆಬ್ರವರಿ ಹಿಡಿಯುವುದೂ ಉಂಟು.

ಲೆಕ್ಕದ ಪುಸ್ತಕ

ಫೆಬ್ರವರಿ ಹಿಡಿದದ್ದು ತಪ್ಪೆನ್ನಲಿಲ್ಲ. ಫೆಬ್ರವರಿ ಬಂದಾಗ ಆಟ ಸಿದ್ಧವಿಲ್ಲದಿದ್ದರೂ ದಿನಾಂಕ ಮುಂದೂಡಲಿಲ್ಲ ಎಂದೆ. ಅದಕ್ಕೆ ಸೆಪ್ಟೆಂಬರ್ ಉತ್ತರವಾಗುವುದಿಲ್ಲ. 'ಹ್ಯೂಮನ್‌ಕೈಂಡ್' 2021ರ ಏಪ್ರಿಲ್‌ನಿಂದ ಆಗಸ್ಟ್‌ಗೆ ಹೋಯಿತು, ಆಕಾಶವೇನೂ ಬೀಳಲಿಲ್ಲ.

ದೋಷಪಟ್ಟಿ

ಆಕಾಶ ಬೀಳದಿರಲು ಬೆನ್ನ ಹಿಂದೆ ಯಾರಾದರೂ ದೊಡ್ಡವರಿರಬೇಕು. ಸಣ್ಣ ಸಂಸ್ಥೆಯಲ್ಲಿ ನಾಲ್ಕು ತಿಂಗಳ ಸಂಬಳ ಎಂದರೆ ಕೆಲವೊಮ್ಮೆ ಸಂಸ್ಥೆಯ ಆಯುಸ್ಸೇ. ನಾನಿದ್ದ ಕಡೆ ಬಿಡುಗಡೆಯ ದಿನಾಂಕವನ್ನು ನಿರ್ಧರಿಸಿದ್ದು ಬ್ಯಾಂಕಿನ ಖಾತೆ.

ಹಾಗೆಂದು ಎಲ್ಲವನ್ನೂ ಬಡತನದ ಮೇಲೆ ಹಾಕಲಾಗದು. 2011ರ 'ಸ್ವೋರ್ಡ್ ಆಫ್ ದ ಸ್ಟಾರ್ಸ್ 2' ಬಿಡುಗಡೆಯ ದಿನ ಹಳೆಯ ಬೀಟಾ ಪ್ರತಿಯನ್ನೇ ಸ್ಟೀಮ್‌ಗೆ ಏರಿಸಿಬಿಟ್ಟಿದ್ದರು. ಕೈತಪ್ಪು ಎಂದು ಸರಿಯಾದ ಪ್ರತಿ ಕೊಟ್ಟರು. ಅದೂ ಸರಿಯಿರಲಿಲ್ಲ! ಇನ್ನೊಂದು ಕಡೆ 2010ರ 'ಎಲಿಮೆಂಟಲ್: ವಾರ್ ಆಫ್ ಮ್ಯಾಜಿಕ್' ಇದೆ. ಮುರಿದ ಸ್ಥಿತಿಯಲ್ಲಿ ಬಂತು. ಸ್ಟಾರ್‌ಡಾಕ್‌ನ ಮುಖ್ಯಸ್ಥ ಬ್ರಾಡ್ ವಾರ್ಡೆಲ್ ತಪ್ಪು ತಮ್ಮದೆಂದು ಒಪ್ಪಿಕೊಂಡು, ಆ ವರ್ಷ ಕೊಂಡವರಿಗೆಲ್ಲ 2012ರ 'ಫಾಲನ್ ಎಂಚಾಂಟ್ರೆಸ್' ಆಟವನ್ನು ಉಚಿತವಾಗಿ ಕೊಟ್ಟರು. ಕ್ಷಮಾಪಣೆಯ ಪತ್ರಗಳನ್ನು ಬಹಳ ಓದಿದ್ದೇವೆ. ಕೈಯಿಂದ ಹಣ ಕಳೆದುಕೊಂಡು ಕೇಳಿದ ಕ್ಷಮೆ ಕಡಿಮೆ.

ಗಡಿಕಾವಲು

'ಸಿಟೀಸ್: ಸ್ಕೈಲೈನ್ಸ್ 2' ಕೂಡ ಸೇರಿಸಿ. ನಗರ ಕಟ್ಟುವ ಆಟ, ನಮ್ಮ ನೆರೆಮನೆ. 2023ರ ಅಕ್ಟೋಬರಿನಲ್ಲಿ ಬರುವ ಮೊದಲೇ ವೇಗದ ಗುರಿ ಮುಟ್ಟಿಲ್ಲ ಎಂದು ತಯಾರಕರೇ ಬರೆದರು, ಬರೆದೂ ಬಿಡುಗಡೆ ಮಾಡಿದರು. ಊರಿನ ನಾಗರಿಕರ ಬಾಯೊಳಗಿನ ಹಲ್ಲುಗಳಿಗೂ ಪೂರ್ತಿ ಮಾದರಿ ಇತ್ತೆಂದು ಜನ ಅಗೆದು ತೋರಿಸಿದರು. ಕಂಪ್ಯೂಟರ್ ಏದುಸಿರು ಬಿಡುತ್ತಿರುವಾಗ ಹಲ್ಲು! ಅದನ್ನು ಸರಿಪಡಿಸುವ ಮೊದಲೇ 2024ರ ಮಾರ್ಚ್‌ನಲ್ಲಿ ಕಡಲತೀರದ ಮನೆಗಳ ಡಿಎಲ್‌ಸಿ (ಹೆಚ್ಚುವರಿ ಭಾಗ) ಮಾರಿದರು. ಉಗಿಸಿಕೊಂಡು ಏಪ್ರಿಲ್‌ನಲ್ಲಿ ಹಣ ಮರಳಿಸಿ ಉಚಿತ ಮಾಡಿದರು.

ಇದಕ್ಕಾದರೂ 'ಮಾಗುತ್ತಿದೆ' ಎನ್ನುವಿರಾ ಸಾವಧಾನಿಯವರೇ?

ಸಾವಧಾನಿ

ಇಲ್ಲ. ಅದು ಕೆಟ್ಟಿತ್ತು.

ಕುಶಲಕರ್ಮಿ

ಮಾಡ್‌ಗಳು ಸರಿಪಡಿಸುತ್ತವೆ ಎಂಬ ಮಾತು ಇಲ್ಲಿ ಎರಡು ಸಲ ಬಂತು. ನಾನು ಮಾಡ್ ಮಾಡುವವನು. ಈ ಹೊಗಳಿಕೆ ಕೇಳಿದಾಗಲೆಲ್ಲ ಮುಜುಗರವಾಗುತ್ತದೆ.

'ಸಿವಿಲೈಸೇಷನ್ 5'ರ ಎಐ ಈಗ ಚೆನ್ನಾಗಿ ಆಡಬೇಕೆಂದರೆ 'ವೋಕ್ಸ್ ಪಾಪ್ಯುಲೈ' ಎಂಬ ಮಾಡ್ ಹಾಕಿಕೊಳ್ಳಿ ಎನ್ನುತ್ತಾರೆ. ನಿಜ, ಆ ಎಐ ನೆಲದ ಇಳಿಜಾರು ನೋಡಿ ದಂಡು ನಡೆಸುತ್ತದೆ. ತಯಾರಕ ಸಂಸ್ಥೆ ಫಿರಾಕ್ಸಿಸ್ ಆಟದ ನಿಯಮಗಳನ್ನು ನಡೆಸುವ ಡಿಎಲ್‌ಎಲ್ ಫೈಲಿನ ಮೂಲ ಕೋಡನ್ನು ಬಿಟ್ಟುಕೊಟ್ಟದ್ದರಿಂದ ಅದು ಸಾಧ್ಯವಾಯಿತು. ಅದರ ಹಿಂದೆ ವರ್ಷಗಟ್ಟಲೆ ಸಂಬಳವಿಲ್ಲದ ರಾತ್ರಿಗಳಿವೆ. ನಿಯಮ ಬದಲಾಗುವುದು ನಿಂತ ಮೇಲೆ ಮಾತ್ರ ಅಂಥ ಕೆಲಸ ಆಗುತ್ತದೆ ಎಂಬುದೂ ದೋಷಪಟ್ಟಿಯವರ ಮಾತಿಗೆ ಸಾಕ್ಷಿ. ಆಟ ಅಧಿಕೃತವಾಗಿ ತಣ್ಣಗಾದ ಮೇಲೆ ಎಐ ಜಾಣನಾಗುತ್ತದೆ.

ಆದರೆ ಪ್ರಕಾಶಕರು ನಮ್ಮನ್ನು ಬಿಡುಗಡೆಯ ಯೋಜನೆಯಲ್ಲಿ ಎಣಿಸತೊಡಗಿದರೆ ಅದು ಬೇರೆ ವಿಷಯ. ಪ್ರತಿ ಪ್ಯಾಚಿಗೂ ನನ್ನ ಮಾಡ್ ಮುರಿಯುತ್ತದೆ. ಸರಿಮಾಡಲು ಎರಡು ವಾರಾಂತ್ಯ ಬೇಕು. ಆ ಎರಡು ವಾರ ನನಗೆ ಬರುವ ಬೈಗುಳ ಮೂಲ ಆಟ ಮಾಡಿದವರಿಗೂ ಬರುವುದಿಲ್ಲ. 'ನಿಮ್ಮ ಮಾಡ್ ಇಲ್ಲದೆ ಈ ಆಟ ಆಡಲಾಗದು, ಬೇಗ ಸರಿಪಡಿಸಿ' ಎಂದು ಒಬ್ಬರು ಬರೆದಿದ್ದರು. ಅದು ಹೊಗಳಿಕೆಯೋ ತಗಾದೆಯೋ ಇನ್ನೂ ತಿಳಿದಿಲ್ಲ.

ಇನ್ನೊಂದುಸರದಿ

ಅಪೂರ್ಣ ಎಂದು ಮೊದಲೇ ಬೋರ್ಡು ಹಾಕಿ ಮಾರುವುದು ಇದಕ್ಕಿಂತ ವಾಸಿಯಲ್ಲವೇ? ಅರ್ಲಿ ಆಕ್ಸೆಸ್ ಇರುವುದೇ ಅದಕ್ಕೆ. 'ಅಗೇನ್‌ಸ್ಟ್ ದ ಸ್ಟಾರ್ಮ್' 2021ರಿಂದ ಎರಡೆರಡು ವಾರಕ್ಕೊಂದು ಅಪ್‌ಡೇಟ್ ಕೊಡುತ್ತಾ ಬಂದು 2023ರ ಡಿಸೆಂಬರಿನಲ್ಲಿ ಪೂರ್ಣ ಎಂದಿತು. ನಾನು ಎರಡು ವರ್ಷದ ನಿಯಮ ಮುರಿದು ಕೊಂಡ ಒಂದೇ ಆಟ ಅದು. 'ಓಲ್ಡ್ ವರ್ಲ್ಡ್' ಕೂಡ ಆ ದಾರಿಯಲ್ಲೇ ಬಂತು, 'ಸಿವಿಲೈಸೇಷನ್ 4'ರ ವಿನ್ಯಾಸಕ ಸೋರೆನ್ ಜಾನ್ಸನ್ ಅವರ ಆಟ.

ದೋಷಪಟ್ಟಿ

'ಅಗೇನ್‌ಸ್ಟ್ ದ ಸ್ಟಾರ್ಮ್'ನ ಗುಟ್ಟು ಅದರ ಆಕಾರದಲ್ಲಿದೆ. ಒಂದು ಊರು ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ, ಮತ್ತೆ ಹೊಸ ಊರು. ಆಟಗಾರರು ಕೊನೆಯವರೆಗೂ ಆಡುತ್ತಾರೆ, ಕೊನೆಯ ದೋಷವೂ ಬೇಗ ಸಿಗುತ್ತದೆ. ಎದುರಿಗೆ ಯೋಚಿಸುವ ಶತ್ರು ದೊರೆಯೂ ಇಲ್ಲ. ನಲವತ್ತು ಗಂಟೆಯ ಸಾಮ್ರಾಜ್ಯದ ಆಟಕ್ಕೆ ಅದೇ ಉಪಾಯ ಅಷ್ಟು ಸುಲಭವಾಗಿ ಒಗ್ಗುವುದಿಲ್ಲ. 'ಸ್ಟಾರ್ಮ್‌ಗೇಟ್' 2024ರಲ್ಲಿ ಅರ್ಲಿ ಆಕ್ಸೆಸ್‌ಗೆ ಬಂದಾಗ ಬೋರ್ಡು ಇತ್ತು. ಜನ ಬೋರ್ಡು ಓದಲಿಲ್ಲ, ಆಟ ನೋಡಿ ತೀರ್ಪು ಕೊಟ್ಟರು. ಆಮೇಲೆ ಕತೆಯ ಭಾಗವನ್ನು ತಿದ್ದಿ ಬರೆದರೂ ಬಿಟ್ಟುಹೋದವರಲ್ಲಿ ಬಹಳ ಮಂದಿ ತಿರುಗಿ ನೋಡಲಿಲ್ಲ. ಮೊದಲ ನೋಟ ಎರಡು ಸಲ ಸಿಗುವುದಿಲ್ಲ, ಬೋರ್ಡು ಇರಲಿ ಬಿಡಲಿ.

ಮೂಲೆಕಾಲಾಳು

ಇಷ್ಟು ಬೆಳೆಯುತ್ತದೆಂದು ಎಣಿಸಿರಲಿಲ್ಲ. ನನ್ನ ಮೊದಲ ಮಾತಿನಲ್ಲಿ ಒಂದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ: ಮುಗಿಸದೆ ಮಾರುವುದು ಲಾಭದ ದಾರಿ ಎಂದಿದ್ದೆ. 'ಇಂಪರೇಟರ್' ಕತೆ ಓದಿದ ಮೇಲೆ ಅದು ಯಾವಾಗಲೂ ಲಾಭವಲ್ಲ ಎಂದು ಕಾಣುತ್ತದೆ. ಅಡಗಿ ಕೂರುವ ವಿಷಯವನ್ನು ಮಾತ್ರ ಬಿಡಲಾರೆ. ಬಂದರಿನ ಹಡಗುಗಳ ಮೇಲೆ ಬಿದ್ದ ಆ ಮುದ್ರೆಯೇ ಅದಕ್ಕೆ ಸಾಕ್ಷಿ. ಬಿಡುಗಡೆಯ ವಾರ ಯಾರಿಗೂ ಕಾಣಿಸದ ದೋಷವಾದ್ದರಿಂದಲೇ ಅದು 'ಅಡ್ಡಿಯಿಲ್ಲ' ಎನಿಸಿಕೊಂಡಿತು.

ವಿಮರ್ಶೆ ಬರೆಯುವವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಬೇಡಿಕೆ: ಅಂಕ ಕೊಡುವ ಮೊದಲು ನೀವು ಎಷ್ಟನೆಯ ಸರದಿಯವರೆಗೆ ಆಡಿದಿರಿ, ಎಷ್ಟು ಸಲ ಆಟವನ್ನು ಕೊನೆ ಮುಟ್ಟಿಸಿದಿರಿ ಎಂದು ಒಂದು ಸಾಲು ಬರೆಯಿರಿ. ಮೂರು ಗಂಟೆ ಆಡಿದ್ದರೆ ಮೂರು ಗಂಟೆ ಎಂದೇ ಬರೆಯಿರಿ, ಬೇಸರವಿಲ್ಲ.

ದೋಷಪಟ್ಟಿಯವರೇ, ಆ ಬಂದರಿನ ದೋಷ ಕೊನೆಗೆ ಏನಾಯಿತು? ಸರಿಹೋಯಿತೇ?

ದೋಷಪಟ್ಟಿ

ನಾಲ್ಕನೆಯ ಪ್ಯಾಚಿನಲ್ಲಿ ಸರಿಹೋಯಿತು. ಬೆಂಗಾವಲು ಎಂಟು ಸರದಿಯೊಳಗೆ ಬರದಿದ್ದರೆ ದಂಡು ಒಂಟಿಯಾಗಿಯೇ ಹೊರಡಲಿ ಎಂದು ಬರೆದರು. ಸಣ್ಣ ಕೆಲಸ, ಒಂದು ಮಧ್ಯಾಹ್ನದ್ದು.

ಮರುದಿನದಿಂದ ಬೇರೆ ಥರದ ದೂರುಗಳು ಶುರುವಾದವು. ಕಡಲತೀರದ ಊರುಗಳ ಮೇಲೆ ಹೇಳದೆ ಕೇಳದೆ ದಾಳಿಯಾಗುತ್ತಿದೆ, ಎಐ ವಿಪರೀತ ಆಕ್ರಮಣಕಾರಿಯಾಗಿದೆ, ಆಟ ಕೆಟ್ಟುಹೋಯಿತು, ಹಿಂದಿನ ಆವೃತ್ತಿಯೇ ಚೆನ್ನಾಗಿತ್ತು ಎಂದು. ಐದನೆಯ ಪ್ಯಾಚಿನಲ್ಲಿ ಎಂಟನ್ನು ಮೂವತ್ತು ಮಾಡಿದರು. ಅಷ್ಟರಲ್ಲಿ ನಾನು ಕೆಲಸ ಬಿಟ್ಟಿದ್ದೆ. ಹಡಗುಗಳು ಮತ್ತೆ ಬಂದರಿನಲ್ಲೇ ನಿಂತಿರುತ್ತವೆ ಎಂದು ಯಾರೋ ಬರೆದದ್ದನ್ನು ಕಳೆದ ತಿಂಗಳು ಓದಿದೆ. ಇನ್‌ಸ್ಟಾಲ್ ಮಾಡಿ ನೋಡಿಲ್ಲ.